ಸೊಂಟಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳಲಾ, ಡಾಕ್ಟ್ರೇ?

ಪ್ರಶ್ನೆ: ನನಗೆ 26 ವರ್ಷ. ಅರಸೀಕೆರೆ ಕಡೆಯವಳು, ಟ್ರಾನ್ಸ್ ಮಹಿಳೆ. ಹಾಸನದಲ್ಲಿ ರೂಮು ಮಾಡಿಕೊಂಡು ಲೇಡೀಸ್ ಟೈಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಮೊದಲ ಒಂದು ವರ್ಷ ಗೆಳತಿಯರು ಹೇಳಿದ ಹಾಗೆ ಬಸಿರು ತಡೆಯುವ ಮಾಲಾ-ಡಿ ಮಾತ್ರೆ ದಿನಕ್ಕೆ ಎರಡು ನುಂಗಿದೆ. ಎಂಟು ತಿಂಗಳಿಂದ ಬೆಂಗಳೂರಿನ ಡಾಕ್ಟರೊಬ್ಬರು ಬರೆದುಕೊಟ್ಟ ಎಸ್ಟ್ರಾಡಯಾಲ್ (ಹೆಣ್ಣು ಹಾರ್ಮೋನು), ಸ್ಪೈರೊನೊಲ್ಯಾಕ್ಟೋನ್ (ಗಂಡು ಹಾರ್ಮೋನು ತಡೆಯುವ ಮಾತ್ರೆ) ತೆಗೆದುಕೊಳ್ಳುತ್ತಿದ್ದೇನೆ. ಎದೆ ಸ್ವಲ್ಪ ಬಂದಿದೆ. ಸೊಂಟ ಬಂದಿಲ್ಲ, ಹೊಟ್ಟೆ ಬಂದಿದೆ! ಅದು ಕರಗಲಿ ಅಂತ ರಾತ್ರಿ ಒಂದು ಹೊತ್ತು ಮಾತ್ರ ಊಟ ಮಾಡುತ್ತೇನೆ. ದಿನವೆಲ್ಲಾ ಹೆಂಗಸರ ಅಳತೆ ತೆಗೆಯುತ್ತೇನೆ, ರೂಮಿಗೆ ಬಂದು ಅದೇ ಟೇಪನ್ನು ನನ್ನ ಮೈಗೆ ಹಿಡಿಯುತ್ತೇನೆ. ಶೋಲ್ಡರ್ 16 ಮುಕ್ಕಾಲು, ನಡು 32, ಹಿಪ್ 34. ಬಸ್‌ಸ್ಟ್ಯಾಂಡಿನಲ್ಲಿ ಜನ ನನ್ನ ಭುಜ ನೋಡುತ್ತಾರೆ. ನಮ್ಮವರೇ "ಮೈ ಇನ್ನೂ ಗಂಡು ಕಟ್ಟು ಕಣೇ" ಅನ್ನುತ್ತಾರೆ. ನಿರ್ವಾಣ ಆದರೆ, ಅಂದರೆ ಗಂಡಿನ ಅಂಗ ತೆಗೆಸಿಕೊಂಡರೆ, ಎಲ್ಲಾ ತಾನಾಗೇ ಬರುತ್ತದೆ ಅನ್ನುತ್ತಾರೆ ನಮ್ಮ ಸಮುದಾಯದ ಹಿರಿಯರಾದ ಗುರು. ಬೆಂಗಳೂರಿನಲ್ಲಿ ಒಬ್ಬರು ಮನೆಯಲ್ಲೇ ಸೊಂಟಕ್ಕೆ ಇಂಜೆಕ್ಷನ್ ಹಾಕುತ್ತಾರೆ. ನನ್ನ ಗೆಳತಿ ಹೋದ ವರ್ಷ ಹಾಕಿಸಿಕೊಂಡಳು. ಚೆನ್ನಾಗಿದ್ದಾಳೆ, ಏನೂ ಆಗಿಲ್ಲ. ನಾನೂ ಹಾಕಿಸಿಕೊಳ್ಳಲಾ? ಇಲ್ಲ, ಮಾತ್ರೆ ಜಾಸ್ತಿ ಮಾಡಲಾ? ಇಷ್ಟೊಂದು ಆಸೆ ಪಡುವುದು ತಪ್ಪಾ?

ಉತ್ತರ:

ಇಂಜೆಕ್ಷನ್ ವಿಷಯ ಮೊದಲು ಮುಗಿಸಿಬಿಡೋಣ. ಉಳಿದದ್ದನ್ನೆಲ್ಲ ನಿಧಾನವಾಗಿ ಮಾತಾಡಬಹುದು. ಹಾಕಿಸಿಕೊಳ್ಳಬೇಡಿ. ಅಡ್ವಾನ್ಸ್ ಕೊಟ್ಟಿದ್ದರೆ ಆ ದುಡ್ಡು ಹೋಯಿತು ಅಂದುಕೊಳ್ಳಿ.

ಹೀಗೆ ಮನೆಗಳಲ್ಲಿ ಹಾಕುವುದು ಹೆಚ್ಚಾಗಿ ದ್ರವ ಸಿಲಿಕೋನ್. ಕೆಲವು ಸಲ ಪ್ಯಾರಾಫಿನ್ ಅಥವಾ ಬೇರೆ ಎಣ್ಣೆ. ಬಾಟಲಿಯಲ್ಲಿ ನಿಜವಾಗಿ ಏನಿದೆ ಎಂದು ಹಾಕುವವರಿಗೂ ಗೊತ್ತಿರುವುದಿಲ್ಲ. "ಸಿನಿಮಾದವರು ಎದೆಗೆ ಇಡಿಸಿಕೊಳ್ಳುವುದೂ ಸಿಲಿಕೋನೇ ಅಲ್ವಾ?" ಎಂದು ಕೇಳುತ್ತಾರೆ. ಹೆಸರು ಒಂದೇ, ವಸ್ತು ಬೇರೆ. ಎದೆಗೆ ಇಡುವ ಇಂಪ್ಲಾಂಟ್ ಒಂದು ಮುಚ್ಚಿದ ಚೀಲ. ತೊಂದರೆ ಬಂದರೆ ಸರ್ಜನ್ ಅದನ್ನು ಹೊರಗೆ ತೆಗೆಯಬಹುದು. ಇದು ಸಡಿಲವಾದ ಎಣ್ಣೆ. ಕೊಬ್ಬಿನ ಸಂದಿ, ಮಾಂಸದ ಸಂದಿಯಲ್ಲೆಲ್ಲಾ ನುಗ್ಗಿ ಕೂರುತ್ತದೆ. ಹಿಟ್ಟಿಗೆ ಕಲೆಸಿದ ಎಣ್ಣೆಯನ್ನು ಆಮೇಲೆ ಬೇರೆ ಮಾಡಲು ಆಗುತ್ತದೆಯೇ? ಹಾಗೇ ಇದು. ಯಾವ ಸರ್ಜನ್ನಿನ ಕೈಯಲ್ಲೂ ಪೂರ್ತಿ ತೆಗೆಯಲು ಆಗುವುದಿಲ್ಲ.

ಸೂಜಿಯ ತುದಿ ರಕ್ತನಾಳಕ್ಕೆ ತಾಗಿದರೆ ಈ ಎಣ್ಣೆ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವು ಗಂಟೆಯಲ್ಲಿ ಅಥವಾ ಒಂದೆರಡು ದಿನದಲ್ಲಿ ಉಸಿರು ಕಟ್ಟುತ್ತದೆ. ಜೀವ ಹೋದವರಿದ್ದಾರೆ. ಆ ಗಂಡಾಂತರ ದಾಟಿದವರಿಗೂ ವರ್ಷಗಳು ಕಳೆದ ಮೇಲೆ ಗಂಟುಗಳಾಗುತ್ತವೆ, ಜಾಗ ಕಲ್ಲಿನಂತೆ ಗಟ್ಟಿಯಾಗುತ್ತದೆ, ಎಣ್ಣೆ ತೊಡೆಗೆ, ಮೊಣಕಾಲಿಗೆ ಜಾರುತ್ತದೆ, ಚರ್ಮ ಕಪ್ಪಾಗಿ ಹುಣ್ಣಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ, ಮೈ ಆಕಾರಕ್ಕಾಗಿ ಸಿಲಿಕೋನ್ ಇಂಜೆಕ್ಷನ್ ಬೇಡವೇ ಬೇಡ ಎಂದು ಎಚ್ಚರಿಸಿದೆ. ನಿಮ್ಮ ಗೆಳತಿಗೆ ಒಂದು ವರ್ಷದಲ್ಲಿ ಏನೂ ಆಗಿಲ್ಲ ಅಂದರೆ ಸಂತೋಷ. ಆದರೆ ಈ ವಿಷಯದಲ್ಲಿ ಒಂದು ವರ್ಷ ಏನೇನೂ ಅಲ್ಲ. ಅವರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಈಗ ಸೊಂಟಕ್ಕೆ ಬರೋಣ.

ಹೆಂಗಸಿನ ಸೊಂಟ ಅಂತ ನಾವು ನೋಡುವುದರಲ್ಲಿ ಒಂದು ಪಾಲು ಮೂಳೆ, ಇನ್ನೊಂದು ಪಾಲು ಕೊಬ್ಬು. ಪ್ರಾಯಕ್ಕೆ ಬರುವಾಗ ಸೊಂಟದ ಮೂಳೆ, ಭುಜದ ಮೂಳೆ ತಮ್ಮ ಅಗಲ ಗೊತ್ತುಮಾಡಿಕೊಂಡುಬಿಡುತ್ತವೆ. ಇಪ್ಪತ್ತೈದರ ಹೊತ್ತಿಗೆ ಬೆಳೆಯುವ ತುದಿಗಳು ಕೂಡಿಕೊಂಡಿರುತ್ತವೆ. ಆಮೇಲೆ ಯಾವ ಹಾರ್ಮೋನೂ ಅವನ್ನು ಅಗಲ ಮಾಡುವುದಿಲ್ಲ, ಕಿರಿದೂ ಮಾಡುವುದಿಲ್ಲ. ನಿಮ್ಮ 16 ಮುಕ್ಕಾಲಿನಲ್ಲಿ ಮೂಳೆ ಎಷ್ಟಿದೆಯೋ ಅಷ್ಟು ಹಾಗೇ ಇರುತ್ತದೆ. ಅದರ ಮೇಲಿನ ಮಾಂಸ ಮಾತ್ರ ಒಂದೆರಡು ವರ್ಷದಲ್ಲಿ ಸ್ವಲ್ಪ ಇಳಿಯಬಹುದು. ಇದನ್ನು ಮುಚ್ಚಿಟ್ಟು ಆಸೆ ಹುಟ್ಟಿಸುವುದು ಮೋಸ.

ಕೊಬ್ಬಿನ ಕತೆ ಬೇರೆ, ಅಲ್ಲಿ ಹಾರ್ಮೋನಿನ ಮಾತು ನಡೆಯುತ್ತದೆ. ಆದರೆ ಬಹಳ ಜನ ಅಂದುಕೊಂಡಿರುವ ರೀತಿಯಲ್ಲಿ ಅಲ್ಲ. ಹೊಟ್ಟೆಯ ಕೊಬ್ಬನ್ನು ಎತ್ತಿ ಸೊಂಟಕ್ಕೆ ಇಡುವ ಕೆಲಸವನ್ನು ಎಸ್ಟ್ರಾಡಯಾಲ್ ಮಾಡುವುದಿಲ್ಲ. ಹೊಸದಾಗಿ ಸೇರುವ ಕೊಬ್ಬು ತೊಡೆ, ಸೊಂಟ, ಪಿರ್ರೆಯ ಕಡೆ ಹೆಚ್ಚು ಕೂರುವಂತೆ ಮಾಡುತ್ತದೆ, ಅಷ್ಟೇ. ಇದು ಶುರುವಾಗುವುದಕ್ಕೇ ಮೂರರಿಂದ ಆರು ತಿಂಗಳು ಬೇಕು, ಪೂರ್ತಿಯಾಗಲು ಎರಡರಿಂದ ಐದು ವರ್ಷ. ಎದೆಗೂ ಎರಡು ಮೂರು ವರ್ಷ ಹಿಡಿಯುತ್ತದೆ. ನಿಮ್ಮ ಲೆಕ್ಕವನ್ನು ಮಾಲಾ-ಡಿ ದಿನಗಳಿಂದ ಹಿಡಿಯಬೇಡಿ, ಎಂಟು ತಿಂಗಳಿಂದ ಹಿಡಿಯಿರಿ. ನೀವಿನ್ನೂ ಬಿತ್ತನೆ ಮುಗಿಸಿ ಕಳೆ ಕೀಳುತ್ತಿದ್ದೀರಿ, ಆಗಲೇ ಕಣದಲ್ಲಿ ರಾಶಿ ಎಲ್ಲಿ ಅಂತ ಕೇಳುತ್ತಿದ್ದೀರಿ.

ಕೊನೆಗೆ ಎಷ್ಟು ಬರುತ್ತದೆ ಅನ್ನುವುದು ಮನೆತನದ ಮೇಲೂ ಇದೆ. ನಿಮ್ಮ ಅವ್ವ, ದೊಡ್ಡಮ್ಮ, ಅಕ್ಕತಂಗಿಯರ ಮೈಕಟ್ಟು ಹೇಗಿದೆ? ಅವರೆಲ್ಲಾ ಸಣ್ಣ ಸೊಂಟದವರಾದರೆ ನಿಮಗೊಬ್ಬರಿಗೆ 40 ಇಂಚಿನ ಹಿಪ್ ಎಲ್ಲಿಂದ ಬರಬೇಕು?

ಅದಕ್ಕಿಂತ ನನಗೆ ಕಸಿವಿಸಿ ಆಗಿದ್ದು ನಿಮ್ಮ ಒಪ್ಪೊತ್ತಿನ ಊಟ. ಹಿಟ್ಟಿಲ್ಲದೆ ಮುದ್ದೆ ಕಟ್ಟಲು ಹೊರಟಿದ್ದೀರಿ. ಸೊಂಟದಲ್ಲಿ ಕೊಬ್ಬು ಕೂರಬೇಕು ಅಂದರೆ ಕೂರಲು ಕೊಬ್ಬು ಬೇಕಲ್ವಾ? ಹಗಲೆಲ್ಲಾ ಉಪವಾಸ, ಮಿಷಿನ್ ಮುಂದೆ ಕೂತು ಹತ್ತು ಗಂಟೆ ಕೆಲಸ, ರಾತ್ರಿ ಹಸಿವು ತಡೆಯದೆ ಒಂದೇ ಸಲ ತಟ್ಟೆ ತುಂಬ ಅನ್ನ. ಹೀಗೆ ಮಾಡಿದವರ ಮಾಂಸ ಕರಗಿದ್ದನ್ನು ನೋಡಿದ್ದೇನೆ, ಹೊಟ್ಟೆ ಕರಗಿದ್ದನ್ನು ಕಂಡಿದ್ದು ಕಡಿಮೆ. ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಇಳಿದಾಗ ಮಾಂಸ ಹೇಗೂ ಕಡಿಮೆಯಾಗುತ್ತದೆ, ದೇಹ ಸುಡುವ ಕ್ಯಾಲೊರಿಯೂ ಇಳಿಯುತ್ತದೆ. ಅದರ ಮೇಲೆ ಉಪವಾಸ ಬೇರೆ. ಮೂರು ಹೊತ್ತು ತಿನ್ನಿ. ಹುರುಳಿ, ಅವರೆ, ಮೊಟ್ಟೆ, ಮೊಸರು ಏನು ಸಿಗುತ್ತದೋ ಅದು. ದಿನಾ ಸ್ವಲ್ಪ ಬಸ್ಕಿ ಹೊಡೆಯಿರಿ, ಮೆಟ್ಟಿಲು ಹತ್ತಿ. "ಬಸ್ಕಿ ಹೊಡೆದರೆ ಗಂಡಸರ ತರ ಮೈ ಆಗಲ್ವಾ?" ಅನ್ನುವ ಭಯ ಎಲ್ಲರಿಗೂ ಇದೆ. ಟೆಸ್ಟೋಸ್ಟಿರಾನ್ ಇಳಿದ ಮೈಯಲ್ಲಿ ಪೈಲ್ವಾನರ ಕಟ್ಟು ಸುಮ್ನೆ ಬರುವುದಿಲ್ಲ. ಪಿರ್ರೆ ತುಂಬಿಕೊಳ್ಳಬಹುದು. ಒಂದು ರೂಪಾಯಿ ಖರ್ಚಿಲ್ಲದೆ ಸೊಂಟದ ಕೆಳಗಿನ ಆಕಾರ ಬದಲಿಸುವ ದಾರಿ ನನಗೆ ಗೊತ್ತಿರುವುದು ಇದೊಂದೇ.

ಮಾತ್ರೆ ಜಾಸ್ತಿ ಮಾಡುವ ಯೋಚನೆ ಬಿಡಿ. ನಿಮ್ಮ ರಕ್ತದಲ್ಲಿ ಟೆಸ್ಟೋಸ್ಟಿರಾನ್ 50ಕ್ಕಿಂತ ಕೆಳಗೆ, ಎಸ್ಟ್ರಾಡಯಾಲ್ 100ರಿಂದ 200ರ ನಡುವೆ ಇದ್ದರೆ ಗುರಿ ಮುಟ್ಟಿದ ಹಾಗೆ. ಮೊದಲನೆಯದು ಡೆಸಿಲೀಟರಿಗೆ ಇಷ್ಟು ನ್ಯಾನೋಗ್ರಾಂ (ng/dL) ಅನ್ನುವ ಲೆಕ್ಕ, ಎರಡನೆಯದು ಮಿಲಿಲೀಟರಿಗೆ ಇಷ್ಟು ಪಿಕೋಗ್ರಾಂ (pg/mL) ಅನ್ನುವ ಲೆಕ್ಕ. ಅದರ ಮೇಲೆ ಎಷ್ಟು ಸುರಿದರೂ ಸೊಂಟ ಬೇಗ ಬರುವುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಏರುತ್ತದೆ. ಪರೀಕ್ಷೆ ಮಾಡಿಸಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಆಗಲೇಬೇಕು. ಟೆಸ್ಟೋಸ್ಟಿರಾನ್ ಇಳಿಯದೇ ಇದ್ದರೂ ಕೊಬ್ಬು ಹೊಟ್ಟೆಗೇ ಹೋಗುತ್ತಿರುತ್ತದೆ. ನಿಮ್ಮ ಹೊಟ್ಟೆಗೆ ಇದೂ ಒಂದು ಕಾರಣ ಇರಬಹುದು.

ಮಾಲಾ-ಡಿ ಬಿಟ್ಟಿದ್ದು ಒಳ್ಳೆಯದಾಯಿತು. ಬಸಿರು ತಡೆಯಲು ಅದು ಒಳ್ಳೆಯ ಮಾತ್ರೆಯೇ. ಆದರೆ ಅದರಲ್ಲಿರುವುದು ಎಥಿನೈಲ್ ಎಸ್ಟ್ರಾಡಯಾಲ್ ಅನ್ನುವ ಬೇರೆ ಜಾತಿಯ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನ್. ರಕ್ತ ಹೆಪ್ಪುಗಟ್ಟಿಸುವ ಗುಣ ಅದಕ್ಕೆ ಜಾಸ್ತಿ, ಎರಡೆರಡು ನುಂಗಿದರೆ, ಬೀಡಿ ಸಿಗರೇಟಿನ ಅಭ್ಯಾಸವೂ ಇದ್ದರೆ ಇನ್ನೂ ಜಾಸ್ತಿ. ಮಾಮೂಲಿ ಎಸ್ಟ್ರಾಡಯಾಲ್ ಪರೀಕ್ಷೆಯಲ್ಲಿ ಅದು ಕಾಣುವುದೂ ಇಲ್ಲ. ಒಳಗೆ ಎಷ್ಟಿದೆ ಅಂತ ಯಾರಿಗೂ ತಿಳಿಯುವುದಿಲ್ಲ. ಇನ್ನೊಂದು ತಮಾಷೆ ಕೇಳಿ. ಆ ಪಟ್ಟಿಯ 28 ಮಾತ್ರೆಯಲ್ಲಿ 7 ಬರೀ ಕಬ್ಬಿಣಾಂಶದ ಮಾತ್ರೆ. ಅವನ್ನೂ ಸೊಂಟ ಬರಲಿ ಅಂತ ಭಕ್ತಿಯಿಂದ ನುಂಗಿದವರಿದ್ದಾರೆ. ಈಗಲೂ ಒಂದು ಕಾಲಿನ ಮೀನಖಂಡ ಮಾತ್ರ ಊದಿ ನೋಯುವುದು, ತಟ್ಟನೆ ಎದೆನೋವು, ಏದುಸಿರು, ಇವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಆಗಲೇ ಎಮರ್ಜೆನ್ಸಿಗೆ ಹೋಗಿ.

ಸ್ಪೈರೊನೊಲ್ಯಾಕ್ಟೋನ್ ಬಗ್ಗೆ ಅರಸೀಕೆರೆಯವರಿಗೆ ಅಂತಲೇ ಒಂದು ಮಾತು. ಈ ಮಾತ್ರೆ ಮೈಯಲ್ಲಿ ಪೊಟ್ಯಾಸಿಯಂ ಉಳಿಸಿಕೊಳ್ಳುತ್ತದೆ. ಎಳನೀರಿನ ತುಂಬ ಇರುವುದೂ ಅದೇ. ಕಿಡ್ನಿ ಚೆನ್ನಾಗಿದ್ದರೆ ಯಾವಾಗಲೋ ಒಂದು ಕುಡಿದರೆ ಏನೂ ಆಗುವುದಿಲ್ಲ. ಆದರೆ ತೋಟ ಮನೆಯದು ಅಂತ ದಿನಾ ಮೂರು ನಾಲ್ಕು ಕೆತ್ತಿಸಿಕೊಂಡು ಕುಡಿಯುವುದು ಬೇಡ. ಪೊಟ್ಯಾಸಿಯಂ ವಿಪರೀತ ಏರಿದರೆ ಎದೆಬಡಿತ ತಪ್ಪುತ್ತದೆ. ಹಾಗಂತ ನೀರನ್ನೇ ಬಿಡಬೇಡಿ. ಈ ಮಾತ್ರೆಗೆ ಮೂತ್ರ ಜಾಸ್ತಿ, ಬಾತ್‌ರೂಮಿಗೆ ಹೋದರೆ ಯಾರು ಏನಂತಾರೋ ಅಂತ ಇಡೀ ದಿನ ಗುಟುಕು ನೀರೂ ಕುಡಿಯದೆ ಕೆಲಸ ಮಾಡುವವರು ನನ್ನ ಬಳಿ ಬಂದಿದ್ದಾರೆ. ತಲೆಸುತ್ತಿ ಬಿದ್ದ ಮೇಲೆ ಬಂದಿದ್ದಾರೆ.

ನಿಮ್ಮ ಗುರುಗಳ ಮಾತಿನಲ್ಲಿ ಅರ್ಧ ಸರಿ ಇದೆ. ವೃಷಣ ತೆಗೆದರೆ ಟೆಸ್ಟೋಸ್ಟಿರಾನ್ ನಿಲ್ಲುತ್ತದೆ, ಸ್ಪೈರೊನೊಲ್ಯಾಕ್ಟೋನ್ ಬೇಕಾಗುವುದಿಲ್ಲ. ಆದರೆ ಸೊಂಟ ತಾನಾಗೇ ಬರುವುದಿಲ್ಲ, ಅದಕ್ಕೆ ಈಸ್ಟ್ರೋಜನ್ ಬೇಕೇ ಬೇಕು. ಎರಡೂ ಹಾರ್ಮೋನ್ ಇಲ್ಲದೆ ವರ್ಷಗಟ್ಟಲೆ ಇದ್ದರೆ ಮೂಳೆ ಸವೆಯುತ್ತದೆ. ನಿರ್ವಾಣ ಆದ ಮೇಲೆ ಮಾತ್ರೆ ಬಿಟ್ಟು, ನಲವತ್ತು ದಾಟುವ ಮೊದಲೇ ಬೆನ್ನು ಹಿಡಿದುಕೊಂಡು ಬಂದವರನ್ನು ನೋಡಿದ್ದೇನೆ. ಮಾಡಿಸಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಮಾಡಿಸಿಕೊಳ್ಳುವುದಾದರೆ ಆಸ್ಪತ್ರೆಯಲ್ಲಿ, ಸರ್ಜನ್ ಕೈಯಲ್ಲಿ ಮಾತ್ರ. ಮುಂದೆ ನಿಮ್ಮದೇ ಮಗು ಬೇಕು ಅನ್ನಿಸಬಹುದಾದರೆ ವೀರ್ಯ ಕಾದಿಡುವ ಬಗ್ಗೆ ಮೊದಲೇ ಕೇಳಿ. ಈಗಿನ ಮಾತ್ರೆಗಳೂ ಆ ಶಕ್ತಿ ಕುಗ್ಗಿಸುತ್ತವೆ.

ಆಪರೇಷನ್ನಿಂದ ಸೊಂಟ ಮಾಡುವ ದಾರಿಯೂ ಇದೆ. ಹೊಟ್ಟೆ, ಬೆನ್ನಿನ ಕೊಬ್ಬು ಹೀರಿ ಸೊಂಟಕ್ಕೆ, ಪಿರ್ರೆಗೆ ತುಂಬುತ್ತಾರೆ. ತುಂಬಿದ್ದೆಲ್ಲಾ ಉಳಿಯುವುದಿಲ್ಲ, ಒಂದು ಭಾಗ ಕರಗಿ ಹೋಗುತ್ತದೆ. ತೆಳ್ಳಗಿರುವವರಿಗೆ ಹೀರಲು ಕೊಬ್ಬೇ ಇರುವುದಿಲ್ಲ. ಪಿರ್ರೆಗೆ ಕೊಬ್ಬು ತುಂಬುವ ಈ ಆಪರೇಷನ್ನಿನಲ್ಲಿ 3,000ಕ್ಕೆ ಒಬ್ಬರವರೆಗೆ ಸಾಯುತ್ತಿರಬಹುದು ಎಂದು 2018ರಲ್ಲಿ ಪ್ಲಾಸ್ಟಿಕ್ ಸರ್ಜನ್‌ಗಳ ಸಂಘಗಳೇ ಸೇರಿ ಎಚ್ಚರಿಸಿದವು. ಕೊಬ್ಬು ಮಾಂಸದೊಳಗಿನ ದೊಡ್ಡ ರಕ್ತನಾಳಕ್ಕೆ ಹೋಗುವುದೇ ಕಾರಣ. ಅದರ ನಂತರ ಚರ್ಮದ ಕೆಳಗಿನ ಪದರದಲ್ಲೇ ನಿಲ್ಲಿಸಬೇಕು ಅನ್ನುವ ಕಟ್ಟುನಿಟ್ಟು ಬಂದಿದೆ. ನಾನು ಬೇಡ ಅನ್ನುತ್ತಿಲ್ಲ, ಈಗ ಬೇಡ ಅನ್ನುತ್ತಿದ್ದೇನೆ. ಹಾರ್ಮೋನ್ ಸರಿಯಾಗಿ ಎರಡು ವರ್ಷವಾದರೂ ನಡೆಯಲಿ, ಎದೆಯ ಇಂಪ್ಲಾಂಟಿಗೂ ಇದೇ ಮಾತು. ದುಡ್ಡಿನ ವಿಷಯಕ್ಕೆ ಬಂದರೆ, 2022ರಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಹೆಸರಲ್ಲಿ ಟ್ರಾನ್ಸ್‌ಜೆಂಡರ್ ಜನರಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ವಿಮೆ ಪ್ರಕಟಿಸಿತು. ಯಾವ ಆಸ್ಪತ್ರೆ ಯಾವ ಆಪರೇಷನ್ನನ್ನು ಅದರಲ್ಲಿ ಮಾಡುತ್ತದೆ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿ.

ಅಷ್ಟರವರೆಗೆ ಬಟ್ಟೆ ಇದೆ. ಟೈಲರಿಗೆ ಬಟ್ಟೆಯ ಬಗ್ಗೆ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಚರ್ಮದ ಮಾತು ನನ್ನದು. ಸ್ಪಂಜಿನ ಹಿಪ್ ಪ್ಯಾಡ್ ನೀವೇ ಕತ್ತರಿಸಿ ಹೊಲಿಯಬಹುದು. ಸ್ಪಂಜು ಚರ್ಮಕ್ಕೆ ನೇರ ತಾಗದಿರಲಿ, ನಡುವೆ ಕಾಟನ್ ಇರಲಿ, ರಾತ್ರಿ ಬಿಚ್ಚಿಡಿ. ಇಲ್ಲದಿದ್ದರೆ ಬೆವರಿಗೆ ಹುಳುಕಡ್ಡಿ ಗ್ಯಾರಂಟಿ. ನಡು ಬಿಗಿಯುವ ಬೆಲ್ಟು ಕಟ್ಟಿದಷ್ಟು ಹೊತ್ತು ಮಾತ್ರ ನಡು ಸಣ್ಣ. ದಿನವಿಡೀ ಬಿಗಿದುಕೊಂಡರೆ ಉಸಿರು ಕಟ್ಟುತ್ತದೆ, ಹುಳಿತೇಗು ಶುರುವಾಗುತ್ತದೆ.

ಪ್ಯಾಡ್ ಹಾಕುವುದು ಸುಳ್ಳು ಅಲ್ವಾ ಅಂತ ಒಬ್ಬರು ನನ್ನನ್ನು ಕೇಳಿದ್ದರು. ನಿಮ್ಮ ಅಂಗಡಿಯಲ್ಲಿ ಎಷ್ಟು ಬ್ಲೌಸಿಗೆ ಕಪ್ ಇಟ್ಟು ಹೊಲಿಯುತ್ತೀರಿ? ಅವರೆಲ್ಲಾ ಸುಳ್ಳು ಹೇಳುತ್ತಿದ್ದಾರಾ?

ಇಲ್ಲೇ ಇನ್ನೊಂದು ಮಾತು. ನಿಮ್ಮ ಅಂಗಡಿಯ ಅಳತೆ ಪುಸ್ತಕ ತೆಗೆದು ನೋಡಿ. ಹಾಸನದ ನೂರಾರು ಹೆಂಗಸರು ಅದರಲ್ಲಿದ್ದಾರೆ. ನಡುವಿಗೂ ಹಿಪ್ಪಿಗೂ ಎರಡೇ ಇಂಚು ವ್ಯತ್ಯಾಸ ಇರುವವರು, ಹೊಟ್ಟೆಯೇ ಹಿಪ್‌ಗಿಂತ ಜಾಸ್ತಿ ಇರುವವರು, ಗದ್ದೆ ಕೆಲಸದ ಅಗಲ ಭುಜದವರು ಎಷ್ಟು ಜನ? ನೀವು ಅಳತೆ ತೆಗೆದ ಹೆಂಗಸರ ಜೊತೆ ನಿಮ್ಮನ್ನು ಹೋಲಿಸಿಕೊಳ್ಳುತ್ತಿಲ್ಲ. ಅಳತೆ ಪುಸ್ತಕದಲ್ಲಿ ಇಲ್ಲದ ಒಬ್ಬಳ ಜೊತೆ ಹೋಲಿಸಿಕೊಳ್ಳುತ್ತಿದ್ದೀರಿ.

ಆ ಒಬ್ಬಳನ್ನು ನೋಡಬೇಕಾದರೆ ಬೇಲೂರಿಗೆ ಹೋಗಬೇಕು. ಅಲ್ಲಿನ ದರ್ಪಣಸುಂದರಿಯನ್ನು ಪಕ್ಕದಿಂದ ನೋಡಿ, ಎದುರಿನಿಂದ ಮಾತ್ರ ಅಲ್ಲ. ಮೈಯನ್ನು ಮೂರು ಕಡೆ ಬಾಗಿಸಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿಸಿದ್ದಾರೆ. ಆ ಸೊಂಟದಲ್ಲಿ ಅರ್ಧ ನಿಂತಿರುವ ಭಂಗಿಯದು. ಈಗ ಫೋನಿನಲ್ಲಿ ರೀಲ್ಸ್ ಮಾಡುವವರು ನಿಲ್ಲುವುದೂ ಹಾಗೇ, ಜೊತೆಗೆ ಫಿಲ್ಟರ್. ಬಳಪದ ಕಲ್ಲು ಉಳಿ ಹೇಳಿದ ಹಾಗೆ ಕೇಳಿತು, ಒಂಬೈನೂರು ವರ್ಷದ ಹಿಂದಿನ ಆ ಶಿಲ್ಪಿಗೆ ಮೂಳೆಯ ತಾಪತ್ರಯ ಇರಲಿಲ್ಲ.

ಇಷ್ಟೊಂದು ಆಸೆ ಪಡುವುದು ತಪ್ಪಾ ಅಂತ ಕೇಳಿದ್ದೀರಿ. ತಪ್ಪಲ್ಲ. ಆದರೆ ನಿಮ್ಮ ಪತ್ರದಲ್ಲಿ ಮೂರು ನೋವು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಈ ಮೈ ನನ್ನದಲ್ಲ ಅನ್ನುವ ಸಂಕಟ ಒಂದು. ಅದಕ್ಕೆ ಹಾರ್ಮೋನಿನಿಂದ ಬಹಳ ಜನರಿಗೆ ನಿಜವಾಗಿ ಸಮಾಧಾನ ಸಿಗುತ್ತದೆ, ಎದೆ ಸೊಂಟ ಕಾಣುವಷ್ಟು ಬದಲಾಗುವ ಮೊದಲೇ. ಬಸ್‌ಸ್ಟ್ಯಾಂಡಿನ ಭಯ ಇನ್ನೊಂದು. ಗುರುತು ಸಿಕ್ಕರೆ ಬಾಡಿಗೆ ಮನೆ ಸಿಗುವುದಿಲ್ಲ, ಕೆಲಸ ಹೋಗುತ್ತದೆ, ರಾತ್ರಿ ಯಾರೋ ಹಿಂದೆ ಬರುತ್ತಾರೆ. ಇದನ್ನು ಶೋಕಿ ಅನ್ನುವವರಿಗೆ ನಿಮ್ಮ ದಾರಿಯಲ್ಲಿ ನಡೆದು ಗೊತ್ತಿಲ್ಲ. ಆದರೆ ಆ ಭಯಕ್ಕೆ ಔಷಧ ಸೊಂಟದಲ್ಲಿ ಇಲ್ಲ. ಜೊತೆಗೆ ನಡೆಯುವವರು, ಬೇಗ ಅಂಗಡಿ ಬಿಡಿಸುವ ಮಾಲೀಕರು, ದೂರು ಬರೆದುಕೊಳ್ಳುವ ಪೊಲೀಸರು ಬೇಕು. ಮೂರನೆಯದು ಶಿಲ್ಪದಲ್ಲಿ, ರೀಲ್ಸಿನಲ್ಲಿ ಕಾಣುವ ಆ ಒಬ್ಬಳ ತರ ಇಲ್ಲವಲ್ಲ ಅನ್ನುವ ಕೊರಗು. ಇದು ಎಷ್ಟು ಇಂಚು ಕೊಟ್ಟರೂ ಇನ್ನೊಂದು ಇಂಚು ಕೇಳುತ್ತದೆ. ನಾನು ಬಂದವರಿಗೆ ಒಂದು ಪ್ರಶ್ನೆ ಕೇಳುತ್ತೇನೆ: ಊರಲ್ಲಿ ನೋಡುವವರು ಒಬ್ಬರೂ ಇಲ್ಲ ಅಂದುಕೊಳ್ಳಿ, ಆಗಲೂ ನಿಮಗೆ ಏನು ಬೇಕು? ಒಬ್ಬರು ತುಂಬ ಹೊತ್ತು ಯೋಚಿಸಿ, "ಗಡ್ಡ ಹೋಗಬೇಕು ಮೇಡಂ, ಅಷ್ಟೇ" ಅಂದರು. ಅವರು ಬಂದಿದ್ದು ಸೊಂಟಕ್ಕೆ ಅಂತ. ಲೇಸರ್ ಮಾಡಿಸಲು ಕಳಿಸಿದೆ.

ಟೇಪನ್ನು ರೂಮಿಗೆ ತರಬೇಡಿ, ಅಂಗಡಿಯಲ್ಲೇ ಬಿಟ್ಟು ಬನ್ನಿ. ತಿಂಗಳಿಗೊಮ್ಮೆ ಅಳತೆ ಸಾಕು. ಊಟ ಬಿಡುವುದು, ಕನ್ನಡಿ ಮುಂದೆ ಗಂಟೆಗಟ್ಟಲೆ ಅಳುವುದು, ಸಾಯುವ ಯೋಚನೆ ಬರುವುದು ಇದ್ದರೆ ಮನೋವೈದ್ಯರನ್ನು ನೋಡಿ. ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ಆ ವಿಭಾಗ ಇದೆ, ಮನೆಯಿಂದಲೇ ಮಾತಾಡಲು ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಟ್ರಾನ್ಸ್ ಆಗಿರುವುದು ಮಾನಸಿಕ ಕಾಯಿಲೆ ಅಲ್ಲ, ವಿಶ್ವ ಆರೋಗ್ಯ ಸಂಸ್ಥೆ ತನ್ನ ಹೊಸ ಪಟ್ಟಿಯಲ್ಲಿ ಅದನ್ನು ಆ ಸಾಲಿನಿಂದ ತೆಗೆದಿದೆ. "ನಿಮ್ಮನ್ನು ಮತ್ತೆ ಗಂಡಸು ಮಾಡುತ್ತೇನೆ" ಅನ್ನುವ ಡಾಕ್ಟರ್ ಸಿಕ್ಕರೆ ಎದ್ದು ಬನ್ನಿ. ಅಂಥ ಚಿಕಿತ್ಸೆ ವೃತ್ತಿಗೆ ವಿರುದ್ಧದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಇನ್ನು ನಿಮ್ಮ ಗೆಳತಿ. ಅವರನ್ನು ಹೆದರಿಸಬೇಡಿ, ಬೈಯಲೂ ಬೇಡಿ. ಮತ್ತೊಂದು ಸಲ ಹಾಕಿಸಿಕೊಳ್ಳಬಾರದು ಅಂತ ಮಾತ್ರ ಹೇಳಿ. ಆ ಜಾಗವನ್ನು ಉಜ್ಜಿ ಮಸಾಜ್ ಮಾಡಿಸುವುದು ಬೇಡ, ಅಲ್ಲಿಗೆ ಬೇರೆ ಯಾವ ಇಂಜೆಕ್ಷನ್ನೂ ಚುಚ್ಚಿಸುವುದು ಬೇಡ. ಸೂಜಿ ಹೊಸದೋ ಹಳೆಯದೋ ಗೊತ್ತಿಲ್ಲದಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆ ಒಮ್ಮೆ ಮಾಡಿಸಲಿ. ಗಂಟು, ಕೆಂಪು, ಬಿಸಿ, ಚರ್ಮದ ಬಣ್ಣ ಬದಲಾಗುವುದು ಕಂಡರೆ ಪ್ಲಾಸ್ಟಿಕ್ ಸರ್ಜನ್‌ಗೆ ತೋರಿಸಲಿ. ಉಸಿರಾಟದ ತೊಂದರೆ ಬಂದರೆ ಎಮರ್ಜೆನ್ಸಿಯಲ್ಲಿ ನಾಚಿಕೆ ಬಿಟ್ಟು ಮೊದಲ ಮಾತಿಗೇ "ಸೊಂಟಕ್ಕೆ ಸಿಲಿಕೋನ್ ಹಾಕಿಸಿದ್ದೇನೆ" ಎಂದು ಹೇಳಲಿ. ಹೇಳದಿದ್ದರೆ ಡ್ಯೂಟಿ ಡಾಕ್ಟರು ನ್ಯುಮೋನಿಯಾ ಅಂತ ಹುಡುಕುತ್ತಾ ಕೂರುತ್ತಾರೆ. ನಿಮ್ಮ ರಕ್ತಪರೀಕ್ಷೆಗೆ ಹೋಗುವ ದಿನ ಅವರನ್ನೂ ಕರೆದುಕೊಂಡು ಹೋಗಿ.